ದೊಡ್ಡಮ್ಮನ ಎಡಗಿವಿಯ ಕಲ್ಲು

ಮೊನ್ನೆ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ನಾನು ಬಾಯಿ ತೆರೆದುಕೊಂಡು ಮಲಗಿದ್ದೆ. ನನ್ನನ್ನು ಬಲ್ಲವರಿಗೆ ಇದರಲ್ಲಿ ವಿಶೇಷವೇನೂ ಕಾಣಲಾರದು. ನನ್ನ ಬಾಯಿ ಮುಚ್ಚಿದ್ದನ್ನು ಕಂಡವರೇ ಅಪರೂಪ. ಆದರೆ ತೆರೆದ ಬಾಯಿಂದ ಒಂದು ಮಾತೂ ಹೊರಡದೆ ಅಷ್ಟು ಹೊತ್ತು ಕಳೆದದ್ದು ಮಾತ್ರ ನನ್ನ ಆಯುಷ್ಯದಲ್ಲೇ ಮೊದಲು.

ನನ್ನ ಕಸುಬೇ ಬಾಯಿ. ಗಾಂಧಿ ಬಜಾರಿನ ಗದ್ದಲದಲ್ಲಿ ತೆವಳುವ ಆಟೋದ ನೆತ್ತಿಯಿಂದ ‘ಅಕ್ಕಂದಿರೇ, ಅಮ್ಮಂದಿರೇ, ಸೀರೆಗಳ ಮೇಲೆ ಭಾರೀ ರಿಯಾಯಿತಿ’ ಎಂಬ ದನಿ ಕೇಳಿ ನೀವು ಎಂದಾದರೂ ಬೈದುಕೊಂಡಿದ್ದರೆ, ಬೈಸಿಕೊಂಡವನು ನಾನೇ. ಆ ಜಾಹೀರಾತಿನಲ್ಲಿ ಸೀರೆ ಕೇಳುವ ಹೆಂಡತಿ, ಬೇಡವೆನ್ನುವ ಗಂಡ, ನಡುವೆ ಬಾಯಿ ಹಾಕುವ ಅತ್ತೆ, ಹಿಂದೆ ಅಳುವ ಕೂಸು, ಎಲ್ಲವೂ ನಾನೇ. ಕಂಡವರ ದನಿ ಕದಿಯುವುದು ನನಗೆ ಚಿಕ್ಕಂದಿನ ಚಟ. ಕೋಟೆ ರಸ್ತೆಯ ನಮ್ಮ ಮನೆಗೆ ಬಂದ ಪುರೋಹಿತರು ಗೇಟು ದಾಟುವ ಮೊದಲೇ ಅವರದೇ ರಾಗದಲ್ಲಿ, ಅವರದೇ ಕೆಮ್ಮಿನ ಸಮೇತ, ಅಮ್ಮನ ಸಾರಿನ ಗುಣದೋಷಗಳನ್ನು ಪಠಿಸಿ ಏಟು ತಿಂದವನು ನಾನು. ದೇವರು ನನಗೂ ಒಂದು ಸ್ವಂತ ದನಿ ಕೊಟ್ಟೇ ಕಳಿಸಿರಬೇಕು, ಎಲ್ಲಿಟ್ಟಿದ್ದೇನೆಂದು ನೆನಪಾಗುತ್ತಿಲ್ಲ.

ಡಾಕ್ಟರು ಒಸಡಿಗೆ ಸೂಜಿ ಚುಚ್ಚಿ, ‘ನೋವಾದ್ರೆ ಎಡಗೈ ಎತ್ತಿ. ಮಾತಾಡ್ಬೇಡಿ’ ಎಂದರು. ಸಣ್ಣ ಯಂತ್ರ ಹಲ್ಲಿಗೆ ತಾಗಿತು. ಪಕ್ಕದಿಂದ ಎರಚುವ ನೀರು. ಸದ್ದು ಶುರುವಾಯಿತು. ವಿಚಿತ್ರವೆಂದರೆ ಅದು ಕಿವಿಯಿಂದ ಒಳಗೆ ಬರಲಿಲ್ಲ. ದವಡೆಯಲ್ಲಿ ಹುಟ್ಟಿ, ಕೆನ್ನೆಯ ಮೂಳೆ ಹತ್ತಿ, ತಲೆಯ ನಟ್ಟನಡುವೆ ಬಂದು ಕೂತಿತು. ಮೂಗಿಗೆ ಒದ್ದೆ ಕಲ್ಲು ತೇಯ್ದಂಥ ವಾಸನೆ. ನಾನು ಕಣ್ಣು ಮುಚ್ಚಿದೆ. ಮುಚ್ಚಿದ ಕಣ್ಣೊಳಗೆ ಭದ್ರಾವತಿಯ ಒಂದು ತಗಡಿನ ಶೆಡ್ಡು. ಅದರೊಳಗೆ ಹಲ್ಲಿನ ನಡುವೆ ಬಿದಿರಿನ ಕಡ್ಡಿ ಕಚ್ಚಿಕೊಂಡ ನಮ್ಮ ದೊಡ್ಡಪ್ಪ.

ಓಹೋ, ಅಂದುಕೊಂಡೆ. ದೊಡ್ಡಪ್ಪನಿಗೆ ಕೇಳಿಸುತ್ತಿದ್ದದ್ದು ಇದು!

ದೊಡ್ಡಪ್ಪ ಅಂದರೆ ನಮ್ಮಮ್ಮನ ಅಕ್ಕನ ಗಂಡ. ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸದಲ್ಲಿದ್ದವರು. ಗೇರು, ಶಾಫ್ಟುಗಳನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ತಕ್ಕ ಗಳಿಗೆಯಲ್ಲಿ ಹೊರಗೆಳೆದು, ಎಣ್ಣೆಗೋ ನೀರಿಗೋ ಅದ್ದಿ ಗಟ್ಟಿ ಮಾಡುವ ವಿಭಾಗ ಅವರದು. ಬಣ್ಣ ನೋಡಿಯೇ ಶಾಖ ಹೇಳುತ್ತೇನೆಂದು ಜಂಬ. ಆ ಜಂಬವನ್ನು ಊಟದ ಡಬ್ಬಿಯ ಜೊತೆ ಮನೆಗೂ ತರುತ್ತಿದ್ದರು. ದೊಡ್ಡಮ್ಮ ದೋಸೆ ಹೊಯ್ಯುವಾಗ ಹಿಂದೆ ನಿಂತು, ‘ಇರು ಇರು, ಇನ್ನೂ ಒಣಹುಲ್ಲಿನ ಬಣ್ಣ ಬಂದಿಲ್ಲ’ ಎನ್ನುವರು. ದೊಡ್ಡಮ್ಮ ಸಟ್ಟುಗವನ್ನು ಅವರ ಕೈಗೇ ಕೊಟ್ಟು, ‘ತಗಳಿ, ನಿಮ್ಮ ಫರ್ನೇಸು ನೀವೇ ನೋಡ್ಕಳಿ’ ಎಂದು ಜಗುಲಿಗೆ ಬಂದು ಕೂರುವಳು. ಆ ದೋಸೆ ಸೀಯುತ್ತಿತ್ತು. ಉಕ್ಕಿನ ವಿಷಯದಲ್ಲಿ ಅವರ ಅಂದಾಜು ಎಷ್ಟು ಸರಿಯಿತ್ತೋ ನನಗೆ ತಿಳಿಯದು; ದೋಸೆಯ ಮಟ್ಟಿಗೆ ತಿಂದ ಸಾಕ್ಷಿ ನಾನಿದ್ದೇನೆ.

ಕೆಲಸದಿಂದ ನಿವೃತ್ತರಾದವರಿಗೆ ಭದ್ರಾವತಿಯಲ್ಲಿ ದಾರಿಗಳು ಹಲವು. ವಾಕಿಂಗ್ ಹೋಗಬಹುದು, ದೇವಸ್ಥಾನದ ಕಮಿಟಿ ಸೇರಬಹುದು, ಸೇರಿದ ಮೇಲೆ ಕಮಿಟಿಯನ್ನು ಬೈಯುತ್ತ ಮತ್ತೆ ವಾಕಿಂಗ್ ಹೋಗಬಹುದು. ದೊಡ್ಡಪ್ಪ ಹಿಡಿದದ್ದು ಕಲ್ಲಿನ ದಾರಿ. ನಾಲ್ಕೈದು ವರ್ಷದ ಹಿಂದೆ ಒಂದು ಬೇಸಿಗೆಯಲ್ಲಿ ಹೊಳಲೂರಿನ ನೆಂಟರ ಮನೆಗೆ ಊಟಕ್ಕೆ ಹೋದವರು, ನೀರಿಳಿದ ತುಂಗೆಯ ದಂಡೆಯಿಂದ ಪಂಚೆಯ ತುಂಬ ಗುಂಡುಕಲ್ಲು ಕಟ್ಟಿಕೊಂಡು ಬಂದರು. ‘ಊಟಕ್ಕೆ ಕರೆದ್ರೆ ಕಲ್ಲು ತುಂಬ್ಕೊಂಡು ಬರ್ತೀರಲ್ಲ, ಅಲ್ಲೇನು ಹೊಡೆದಾಟ ಇತ್ತಾ?’ ಎಂದಳು ದೊಡ್ಡಮ್ಮ. ಅಷ್ಟರಲ್ಲಾಗಲೇ ಅವರು ಮೊಬೈಲಿನಲ್ಲಿ ಯಾವುದೋ ದೇಶದ ಗಡ್ಡದವನೊಬ್ಬ ಹೊಳೆಕಲ್ಲನ್ನು ಸೀಳಿ, ಉಜ್ಜಿ, ಉಂಗುರದ ಹರಳು ಮಾಡುವುದನ್ನು ನೋಡಿಬಿಟ್ಟಿದ್ದರು. ‘ಅವನಿಗೆ ಬರೋದಾದ್ರೆ ನಂಗ್ಯಾಕೆ ಬರಲ್ಲ? ಬೇಕಾದ್ರೆ ಗಡ್ಡಾನೂ ಬಿಡ್ತೀನಿ.’

ಕಲ್ಲು ಉಜ್ಜುವ ಯಂತ್ರಕ್ಕೆ ಮೋಟಾರು ಬೇಕಿತ್ತು. ದೊಡ್ಡಮ್ಮನ ಹಿಟ್ಟು ರುಬ್ಬುವ ಗ್ರೈಂಡರಿನದೇ ಅದಕ್ಕೆ ಬಲಿಯಾಯಿತು. ಮೋಟಾರಿನ ಆರೋಗ್ಯ ನೋಡಲು ಪಕ್ಕದ ಮನೆಯ ಪಳನಿ ಬಂದ. ಪಳನಿ ಅದೇ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು, ತಮಿಳು ಮನೆಮಾತು, ಮೊಳದುದ್ದದ ಸ್ಕ್ರೂಡ್ರೈವರ್ ಇಲ್ಲದೆ ಮನೆಯಿಂದ ಹೊರಗೆ ಕಾಲಿಡದವನು. ಓಡುವ ಯಂತ್ರಕ್ಕೆ ಅದರ ತುದಿ ಒತ್ತಿ, ಹಿಡಿಯನ್ನು ತನ್ನ ಕಿವಿಯ ಹಿಂದಿನ ಮೂಳೆಗೆ ಆನಿಸಿ, ಒಳಗಿನ ಬೇರಿಂಗಿನ ಸುಖದುಃಖ ಕೇಳುವುದು ಫಿಟ್ಟರುಗಳ ಹಳೆಯ ವಿದ್ಯೆ. ಪಳನಿ ಆ ವಿದ್ಯೆಯನ್ನು ದೊಡ್ಡಮ್ಮನ ಫ್ರಿಜ್ಜಿನ ಮೇಲೂ, ಹಾಲಿನವನ ಮೊಪೆಡ್ಡಿನ ಮೇಲೂ ಪ್ರಯೋಗಿಸುತ್ತಿದ್ದ. ಕೇಳುವಾಗ ಒಂದು ಕಣ್ಣು ಮುಚ್ಚಿ, ಹಾಗಲಕಾಯಿ ರಸ ಕುಡಿದವನಂತೆ ತುಟಿ ಸೊಟ್ಟ ಮಾಡುವನು. ನನ್ನಂಥವನಿಗೆ ದೇವರು ಇಂಥ ಮುಖಗಳನ್ನು ತೋರಿಸಬಾರದು. ‘ನಲ್ಲಾ ಇದೆ ಅಣ್ಣೇ. ಇನ್ನೂ ಹತ್ತು ವರ್ಷ ಹಿಟ್ಟು ರುಬ್ತಿತ್ತು’ ಎಂದು ಪಳನಿ ತೀರ್ಪು ಕೊಟ್ಟ. ದೊಡ್ಡಮ್ಮ ಆ ತೀರ್ಪನ್ನು ಇವತ್ತಿಗೂ ಮರೆತಿಲ್ಲ.

ಹಿತ್ತಲ ಶೆಡ್ಡಿನಲ್ಲಿ ಯಂತ್ರ ಎದ್ದು ನಿಂತಿತು. ಉಜ್ಜುವ ಚಕ್ರದ ಮೇಲೆ ಹನಿ ಬೀಳಿಸಲು ಆಸ್ಪತ್ರೆಯ ಡ್ರಿಪ್ ಬಾಟಲಿ ಮೊಳೆಗೆ ನೇತುಬಿತ್ತು. ‘ಕಲ್ಲಿಗೆ ಗ್ಲೂಕೋಸ್ ಕೊಡ್ತಿದಾರೆ, ನೋಡ್ಕೊಂಡು ಹೋಗೋರು ಬನ್ನಿ’ ಎಂದು ನಾನು ಬೀದಿಗೆಲ್ಲ ಸಾರಿದೆ.

ಆದರೆ ದೊಡ್ಡಪ್ಪನ ಮನಸ್ಸಿದ್ದದ್ದು ಉಜ್ಜುವುದರಲ್ಲಿ ಅಲ್ಲ, ಕಾಯಿಸುವುದರಲ್ಲಿ. ಕೆಲವು ಹಳದಿ ಕಲ್ಲುಗಳ ಒಳಗೆ ಕಬ್ಬಿಣದ ಅಂಶ ಇರುತ್ತದೆ, ಕಾಯಿಸಿದರೆ ಅದು ಕೆಂಪಾಗುತ್ತದೆ ಎಂದು ಆ ಗಡ್ಡದವನು ಹೇಳಿದ್ದೇ ತಡ, ‘ಕಬ್ಬಿಣ ಅಂದ್ಮೇಲೆ ಅದು ನಮ್ಮ ಡಿಪಾರ್ಟ್‌ಮೆಂಟು’ ಎಂದರು. ಒಳಗಿನ ತೇವ ಹೋಗಲೆಂದು ಕಲ್ಲುಗಳನ್ನು ತಾರಸಿಯ ಮೇಲೆ ಸಂಡಿಗೆಯ ಪಕ್ಕ ಒಣಹಾಕಿದರು. ಕಾಗೆಗಳು ಎರಡನ್ನೂ ರುಚಿ ನೋಡಿ ಸಂಡಿಗೆಯನ್ನೇ ಆರಿಸಿಕೊಂಡವು. ಆಮೇಲೆ ಇಟ್ಟಿಗೆ ಜೋಡಿಸಿ, ಇದ್ದಿಲು ತುಂಬಿ, ಗಾಳಿ ಊದುವ ಫ್ಯಾನು ಹಚ್ಚಿ ಒಂದು ಪುಟ್ಟ ಕುಲುಮೆ. ಮೊದಲ ಸಲ ಕಾಯಿಸಿದ ದಿನ ನಾನೂ ಪಳನಿಯೂ ಅತಿಥಿಗಳು. ಕಲ್ಲುಗಳು ಕೆಂಡದ ನಡುವೆ ಕೆಂಡವೇ ಆದವು. ದೊಡ್ಡಪ್ಪ ತಲೆ ಓರೆ ಮಾಡಿ ನೋಡಿದರು. ‘ಬಂತು ಬಂತು, ಚೆರ್ರಿ ಕಲರ್ ಬಂತು’ ಎನ್ನುತ್ತ ಇಕ್ಕಳದಿಂದ ಒಂದೊಂದನ್ನೇ ಎತ್ತಿ, ತಿರುಗಿ, ಪಕ್ಕದ ನೀರಿನ ಬಕೆಟ್ಟಿಗೆ ಅದ್ದಿಯೇಬಿಟ್ಟರು.

ಯಾರೂ ಹೇಳಿರಲಿಲ್ಲ, ಅವರು ಯೋಚಿಸಲೂ ಇಲ್ಲ. ಅಷ್ಟು ವರ್ಷ ಕೆಂಪಗೆ ಕಾದದ್ದನ್ನೆಲ್ಲ ಅದ್ದಿದ ಕೈ ತನ್ನ ಪಾಡಿಗೆ ತಾನು ತಿರುಗಿತ್ತು. ಬಕೆಟ್ಟಿನಲ್ಲಿ ಚಟಪಟ ಚಟಾರ್! ಒಗ್ಗರಣೆಗೆ ಸಾಸಿವೆಯ ಬದಲು ಪಟಾಕಿ ಹಾಕಿದಂತೆ. ಬಗ್ಗಿ ನೋಡಿದರೆ ಹೊಳೆಕಲ್ಲುಗಳೆಲ್ಲ ಹುಡಿಹುಡಿ, ನುಚ್ಚು. ಉಕ್ಕಿಗೆ ಅವಸರ ಬೇಕು, ಕಲ್ಲಿಗೆ ಆಲಸ್ಯ ಬೇಕು ಎಂಬುದು ನಮಗೆ ಗೊತ್ತಾದದ್ದು ಹಾಗೆ.

‘ಅಣ್ಣೇ,’ ಎಂದ ಪಳನಿ, ‘ಕಲ್ಲನ್ನೂ ಗೇರು ಅಂದ್ಕೊಂಡ್ರಾ? ಈಗ ಇದನ್ನ ಯಾವ ಲಾರಿಗೆ ಹಾಕೋದು?’

‘ಇಡೀ ಕರ್ನಾಟಕದಲ್ಲಿ ಈ ತಪ್ಪು ಮಾಡೋ ಯೋಗ್ಯತೆ ಇರೋದು ಭದ್ರಾವತಿಯೋರಿಗೆ ಮಾತ್ರ’ ಎಂದೆ ನಾನು.

ದೊಡ್ಡಪ್ಪ ತಮ್ಮ ಬಲಗೈಯನ್ನು ಯಾರದೋ ಕೈಯೆಂಬಂತೆ ನೋಡಿಕೊಂಡು, ‘ಥೂ, ಇದಕ್ಕೆ ಇನ್ನೂ ರಿಟೈರ್ ಆಗಿರೋದು ಗೊತ್ತಿಲ್ಲ ಮಾರಾಯ’ ಎಂದು ನಕ್ಕರು. ಅವತ್ತು ಅವರು ನಮ್ಮೆಲ್ಲರಿಗಿಂತ ಮೊದಲೇ ನಕ್ಕಿದ್ದರು. ಇದು ನೆನಪಿರಲಿ.

ಮುಂದಿನ ಸಲದಿಂದ ಮಡಕೆ ಬಂತು. ಮಡಕೆಯೊಳಗೆ ಬೂದಿ, ಬೂದಿಯೊಳಗೆ ಕಲ್ಲು, ಸುತ್ತ ಇದ್ದಿಲು. ಬೆಂಕಿ ತಾನಾಗಿ ಆರಬೇಕು, ಮಡಕೆ ತಾನಾಗಿ ತಣಿಯಬೇಕು, ಅಲ್ಲಿಯವರೆಗೆ ಮುಚ್ಚಳ ತೆಗೆಯುವಂತಿಲ್ಲ. ದೊಡ್ಡಪ್ಪನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇರೆಯಿರಲಿಲ್ಲ. ದೊಡ್ಡಮ್ಮ ಇಕ್ಕಳವನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟು, ‘ನಾಳೆ ತಿಂಡಿ ಆದ್ಮೇಲೆ ಕೇಳಿ, ಕೊಡ್ತೀನಿ’ ಎನ್ನುತ್ತಿದ್ದಳು.

ಹಾಗೆ ಕಾದು ಕೂತು ತೆಗೆದದ್ದರಲ್ಲಿ ಒಂದು ಕಲ್ಲಿತ್ತು. ಹೊಳಲೂರಿನಿಂದ ತಂದದ್ದೇ. ಮೊದಲು ಜೋನಿಬೆಲ್ಲದ ಬಣ್ಣ. ಅದನ್ನು ಸರಿಯಾಗಿ ಎರಡು ಹೋಳು ಮಾಡಿ, ಎರಡನ್ನೂ ಒಂದೇ ಮಡಕೆಯಲ್ಲಿ ಹೂತು ಕಾಯಿಸಿದ್ದರು. ಬೂದಿ ಕೊಡವಿ ಬಿಸಿಲಿಗೆ ಹಿಡಿದಾಗ ಎಲ್ಲರೂ ಬಗ್ಗಿ ನೋಡಿದೆವು. ಸಂಜೆಯ ಕೆಂಪು ಯಾವುದೋ ದಾರಿಯಿಂದ ಕಲ್ಲಿನೊಳಗೆ ಇಳಿದು, ಹೊರಗೆ ಬರಲು ಮರೆತಂತಿತ್ತು. ‘ಇದು ನಿಂಗೆ. ಕಿವಿಗೆ ಜೋಡಿ’ ಎಂದರು ದೊಡ್ಡಪ್ಪ. ದೊಡ್ಡಮ್ಮ ಮುಸುರೆ ಕೈಯಲ್ಲೇ ನಿಂತು, ‘ನನ್ನ ಗ್ರೈಂಡರಿಗೆ ಸಮ ಆಗಲ್ಲ’ ಎಂದಳು. ಅಂದದ್ದು ಹಾಗೆ, ಮುಖ ಬೇರೆಯೇ ಹೇಳುತ್ತಿತ್ತು.

ಮೊದಲ ಹೋಳು ಗುಂಡಗೆ, ಬೊಟ್ಟಿನಷ್ಟು ಉಬ್ಬಿದ ಹರಳಾಯಿತು. ಅಕ್ಕಸಾಲಿಗರು ಅದನ್ನು ಹಳೆಯ ವಾಲೆಯೊಂದಕ್ಕೆ ಕೂರಿಸಿಕೊಟ್ಟರು. ಎರಡನೆಯದು ಮುಗಿಯಲಿ, ಒಟ್ಟಿಗೆ ಹಾಕಿಕೊಂಡರಾಯಿತು ಎಂದು ಯಾರಾದರೂ ಕಾಯುತ್ತಾರೆ. ದೊಡ್ಡಮ್ಮ ಕಾಯಲಿಲ್ಲ. ಬಲಗಿವಿಗೆ ಕೆಂಪು, ಎಡಗಿವಿಗೆ ಅವಳ ಮದುವೆಕಾಲದ ಬಿಳಿಕಲ್ಲು. ಹಾಗೇ ಅರಿಶಿನ ಕುಂಕುಮಕ್ಕೆ ಹೋದಳು, ಶಿವಮೊಗ್ಗದಲ್ಲಿ ನಮ್ಮ ಮನೆಯ ಸತ್ಯನಾರಾಯಣ ಪೂಜೆಗೂ ಬಂದಳು. ಕೇಳಿದವರಿಗೆಲ್ಲ ಒಂದೇ ಉತ್ತರ: ‘ಇನ್ನೊಂದು ಫ್ಯಾಕ್ಟ್ರಿಯಿಂದ ಬರ್ತಾ ಇದೆ.’

ಬರಲೇ ಇಲ್ಲ. ತಿಂಗಳು ಕಳೆಯಿತು, ವರ್ಷ ಕಳೆಯಿತು. ದೊಡ್ಡಪ್ಪ ಆ ಎರಡನೆಯ ಹೋಳನ್ನು ಮುಟ್ಟುತ್ತಿರಲಿಲ್ಲ. ‘ಕೈ ಸಾಧನೆ ಆಗ್ಲಿ’ ಎಂದು ಬೇರೆ ಕಲ್ಲುಗಳನ್ನು ಹಿಡಿಯುವರು. ಅವು ಒಂದರ ಹಿಂದೆ ಒಂದು ಕೆಡುವವು. ಒಂದಕ್ಕೆ ಬಿರುಕು, ಒಂದಕ್ಕೆ ಗೀರು, ಒಂದು, ಹಿಡಿಕೆಯ ಕಡ್ಡಿಗೆ ಅಂಟಿಸಿದ್ದ ಅರಗು ಕರಗಿ, ಹಾರಿ ಪಳನಿಯ ಕಿಟಕಿಗೆ ಹೋಗಿ ಬಿತ್ತು. ಆ ಒಂದು ಹೋಳು ಕೆಟ್ಟರೆ ಮುಗಿಯಿತು. ಬೇರೆ ಕಲ್ಲಿಗೆ ಅದೇ ಕೆಂಪು ಬರುವುದಿಲ್ಲ. ಬಲಗಿವಿಯ ಕಲ್ಲು ಜೀವಮಾನವಿಡೀ ಒಂಟಿ. ಮೊದಲನೆಯದನ್ನು ಅಷ್ಟು ಚೆನ್ನಾಗಿ ಮಾಡಿದ ಕೈಗೆ ಏನಾಯಿತು? ವಯಸ್ಸಾಯಿತು, ಕೈ ನಡುಗುತ್ತಿರಬೇಕು ಎಂದುಕೊಂಡೆವು. ಕಂಪನಿ ನಾಟಕದ ಮುದುಕನಂತೆ ನಡುಗುವ ಕೈಯೊಂದನ್ನು ನಾನು ಅಣಕಿಸಿ ತೋರಿಸಿಯೂ ಆಗಿತ್ತು. ದೊಡ್ಡಪ್ಪನ ಕೈ ಮಾತ್ರ ಕಲ್ಲಿನಂತೆ ನಿಂತಿತ್ತು.

ಹೋದ ವರ್ಷದ ದೀಪಾವಳಿಯ ಹೊತ್ತಿಗೆ ನನ್ನ ದನಿ ಕೈಕೊಟ್ಟಿತು. ಸೀರೆ, ಚಪ್ಪಲಿ, ಫ್ರಿಜ್ಜು, ಸಿಹಿತಿಂಡಿ ಎಂದು ಎಲ್ಲರ ರಿಯಾಯಿತಿಯನ್ನೂ ಒಬ್ಬನೇ ಅರಚಿ ಗಂಟಲು ಪೂರ್ತಿ ಒಣಗಿ, ಪಿಸುಮಾತೂ ಹೊರಡದಂತಾಯಿತು. ಸುಮ್ಮನೆ ಮನೆಯಲ್ಲಿ ಬಿದ್ದುಕೊಳ್ಳುವ ಬದಲು ಭದ್ರಾವತಿಯ ಬಸ್ಸು ಹತ್ತಿದೆ. ಕಂಡಕ್ಟರು ‘ಬಾಯ್ಬಿಟ್ಟು ಹೇಳಿ ಸ್ವಾಮಿ’ ಎಂದು ರೇಗಿದ. ಬಾಗಿಲು ತೆರೆದ ದೊಡ್ಡಮ್ಮ, ‘ಅಯ್ಯೋ, ಗಂಟಲು ಬಿದ್ದೋಯ್ತಾ? ದೇವರಿದಾನೆ ಅಂತ ಇವತ್ತು ಗೊತ್ತಾಯ್ತು ನೋಡು’ ಎಂದಳು. ನಾನು ಹಿತ್ತಲಿಗೆ ಹೋಗಿ ದೊಡ್ಡಪ್ಪನ ಎದುರು ನಿಂತು, ಅಭ್ಯಾಸಬಲದಿಂದ ತುಟಿ ಆಡಿಸಿದೆ: ‘ಏನ್ ದೊಡ್ಡಪ್ಪ, ಕೆಲಸ ಎಲ್ಲಿಗೆ ಬಂತು?’

‘ಎಲ್ಲಿಗೂ ಬಂದಿಲ್ಲ ಮಾರಾಯ. ಕೂತ್ಕೋ. ಅಮ್ಮ ಹೇಗಿದಾಳೆ?’

‘ಚೆನ್ನಾಗಿದಾಳೆ. ನಿಮ್ಮನ್ನ ಕೇಳಿದ್ಳು.’

‘ಬರ್ತೀನಿ ಅಂತ ಹೇಳು, ಬರೋ ವಾರ.’

ಗಂಟಲಿಗೇನಾಯಿತೆಂದು ಕೇಳಲಿ ಎಂದು ನಾನು ಕಾಯುತ್ತಿದ್ದೆ. ಅವರು ಕೇಳಲಿಲ್ಲ. ಅವರ ಕಣ್ಣು ನನ್ನ ಕಣ್ಣಿನ ಮೇಲಿರಲಿಲ್ಲ, ತುಟಿಯ ಮೇಲಿತ್ತು. ನನ್ನ ದನಿ ಇಲ್ಲದ್ದು ಅವರಿಗೆ ಗೊತ್ತೇ ಆಗಿರಲಿಲ್ಲ.

ಅಣಕು ಮಾಡುವವನಿಗೆ ಬೇರೆ ಯಾವ ಗಣಿತ ಬಾರದಿದ್ದರೂ ನಗುವಿನ ಗಣಿತ ಬರುತ್ತದೆ. ಯಾರು ಎಲ್ಲಿ ನಕ್ಕರು ಎಂಬುದರ ಮೇಲೆ ಅವನ ಬದುಕು ನಿಂತಿದೆ. ನೆನಪಿಸಿಕೊಂಡೆ. ಈಚಿನ ಮದುವೆಮನೆಗಳಲ್ಲಿ ನಾನು ದೊಡ್ಡಪ್ಪನನ್ನೇ ಅಣಕಿಸಿದಾಗ ಅವರು ಎಲ್ಲರ ನಗು ಎದ್ದ ಮೇಲೆ, ಅತ್ತಿತ್ತ ನೋಡಿ, ಆಮೇಲೆ ನಗುತ್ತಿದ್ದರು. ನಿಧಾನಸ್ಥರಾಗಿದ್ದಾರೆ ಎಂದುಕೊಂಡಿದ್ದೆ. ನನ್ನ ಹೊಸ ಜಾಹೀರಾತುಗಳನ್ನು ಮೊಬೈಲಿನಲ್ಲಿ ಹಾಕಿದರೆ ಪ್ರತಿಸಲವೂ ‘ಚೆನ್ನಾಗಿದೆ, ಚೆನ್ನಾಗಿದೆ’ ಎನ್ನುತ್ತಿದ್ದರು. ಮನೆಯಲ್ಲಿ ನನ್ನನ್ನು ಮೆಚ್ಚುವ ಏಕೈಕ ವ್ಯಕ್ತಿ ಎಂದು ಹೆಮ್ಮೆಪಟ್ಟಿದ್ದೆ. ಫೋನು ಬಂದರೆ ತಕ್ಷಣ ದೊಡ್ಡಮ್ಮನ ಕೈಗೆ ದಾಟಿಸುತ್ತಿದ್ದದ್ದು ಸೋಮಾರಿತನ ಎಂದುಕೊಂಡಿದ್ದೆ.

ಅಡುಗೆಮನೆಗೆ ಹೋಗಿ ಕಿವಿ ಮುಟ್ಟಿ, ಶೆಡ್ಡಿನ ಕಡೆ ಕೈ ತೋರಿಸಿ, ಕೇಳುವುದಿಲ್ಲವೆಂದು ಕೈಯಾಡಿಸಿದೆ. ದೊಡ್ಡಮ್ಮ ಕಾಯಿ ತುರಿಯುವುದನ್ನು ನಿಲ್ಲಿಸಲಿಲ್ಲ.

‘ಗೊತ್ತು. ನಂಗೆ ಗೊತ್ತು ಅಂತ ಅವರಿಗೆ ಗೊತ್ತಿಲ್ಲ’ ಎಂದಳು. ‘ಕಲ್ಲು ಯಾಕೆ ಕೆಡ್ತಿದೆ ಅಂತಾನೂ ಗೊತ್ತು. ಕೇಳಲ್ಲ ಅಂತ ಬಾಯ್ಬಿಟ್ಟು ಒಪ್ಕೊಂಡ್ರೆ ಮಿಷನ್ ಮೂಟೆ ಕಟ್ತಾರೆ. ಅದೂ ಹೋಯ್ತು ಅಂದ್ರೆ ಆ ಮನುಷ್ಯ ಗೋಡೆ ನೋಡ್ಕೊಂಡು ಕೂತ್ಬಿಡ್ತಾರೋ. ಅದಕ್ಕೇ ನಾನು ಒಂದೇ ಕಿವೀಲಿ ಹಾಕ್ಕೊಂಡು ಊರೆಲ್ಲ ಕೋಡಂಗಿ ಹಾಗೆ ಓಡಾಡ್ತಿರೋದು. ಇನ್ನೊಂದು ಬಾಕಿ ಇದೆ ಅಂತ ದಿನಾ ಕಣ್ಣಿಗೆ ಬೀಳ್ಲಿ ಅಂತ.’

ಹರಳು ಉಜ್ಜುವುದು ಅರ್ಧ ಕೈಯ ಕೆಲಸ, ಅರ್ಧ ಕಿವಿಯದು. ನೀರು ನಿಂತು ಕಲ್ಲು ಬಿಸಿಯಾದರೆ ಚಕ್ರ ಕೀರಲು ದನಿ ತೆಗೆಯುತ್ತದೆ. ಹೊಳಪು ಕೊಡುವ ಬಟ್ಟೆಚಕ್ರದಲ್ಲಿ ಒರಟು ಪುಡಿಯ ಒಂದು ಕಣ ಸಿಕ್ಕಿದರೂ ‘ಟಿಕ್ ಟಿಕ್’ ಎನ್ನುತ್ತದೆ; ಅಲ್ಲೇ ನಿಲ್ಲಿಸದಿದ್ದರೆ ಗೀರು. ಹೊಳಪು ಬರುತ್ತಿದ್ದಂತೆ ಸದ್ದು ತೆಳ್ಳಗಾಗುತ್ತ ಆಗುತ್ತ ರೇಷ್ಮೆ ಜಾರಿದಂತಾಗುತ್ತದೆ. ಅಷ್ಟನ್ನೂ ನಾನು ಬಾಯಿಂದ ಮಾಡಿ ತೋರಿಸಬಲ್ಲೆ. ಆದರೆ ಅವತ್ತು ನನಗೆ ಬಾಯಿರಲಿಲ್ಲ, ದೊಡ್ಡಪ್ಪನಿಗೆ ಕಿವಿಯಿರಲಿಲ್ಲ. ಒಳ್ಳೆಯ ಜೋಡಿ.

ಮತ್ತೆ ಶೆಡ್ಡಿಗೆ ಹೋದೆ. ನಾನೇ ನಿಮ್ಮ ಕಿವಿಯಾಗುತ್ತೇನೆ, ಸದ್ದು ಕೆಟ್ಟರೆ ಕೈ ಎತ್ತುತ್ತೇನೆ ಎಂದು ತುಟಿಯಲ್ಲೇ ಹೇಳಿದೆ. ದೊಡ್ಡಪ್ಪನ ಮುಖ ಬಿಗಿಯಿತು.

‘ಯಾರೋ ಹೇಳಿದ್ದು ನಂಗೆ ಕೇಳಲ್ಲ ಅಂತ? ಈಗ ನೀನು ಹೇಳಿದ್ದು ಕೇಳ್ಳಿಲ್ವಾ?’

‘ನಂಗೆ ಬೆಳಿಗ್ಗೆಯಿಂದ ದನಿಯೇ ಇಲ್ಲ ದೊಡ್ಡಪ್ಪ.’

ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. ಕೈ ಚಾಚಿ ನನ್ನ ಗಂಟಲಿನ ಮೇಲೆ ಇಟ್ಟರು. ‘ಇನ್ನೊಂದ್ಸಲ ಹೇಳು’ ಎಂದರು. ಹೇಳಿದೆ. ಗಂಟಲು ಅದುರಲಿಲ್ಲ. ಕೈ ತೆಗೆದು, ಮೋಟಾರಿನ ಸ್ವಿಚ್ಚು ಆರಿಸಿ, ಸ್ಟೂಲಿನ ಮೇಲೆ ಕೂತರು. ‘ನಮ್ಮಪ್ಪನಿಗೂ ಹೀಗೇ ಆಗಿತ್ತು. ನಾನು ಅವರನ್ನ ಎಷ್ಟು ಆಡ್ಕೊಂಡಿದೀನಿ ಗೊತ್ತಾ’ ಎಂದರು. ಕೆಂಪು ಹೋಳಿನ ಕಡೆ ಕೈ ತೋರಿಸಿ, ‘ಆ ಕಲ್ಲು ಇರೋದು ಒಂದೇ ಕಣೋ.’

ಬೇರೆ ಕಲ್ಲಿನ ಮೇಲೆ ಪ್ರಯೋಗ ಮಾಡಿದೆವು. ನಾನು ವಾದ್ಯಗೋಷ್ಠಿಯ ಯಜಮಾನನಂತೆ ಎರಡೂ ಕೈ ಬೀಸಿ ಸದ್ದುಗಳನ್ನು ಗಾಳಿಯಲ್ಲಿ ಬರೆದೆ. ಉಜ್ಜುವವನ ಕಣ್ಣು ಕಲ್ಲಿನ ಮೇಲಿರಬೇಕು. ನನ್ನ ಕೈ ನೋಡಲು ತಲೆಯೆತ್ತಿದರೆ ಕಲ್ಲು ಕೆಡುತ್ತದೆ, ಕಲ್ಲು ನೋಡಿದರೆ ನಾನು ಕಾಣುವುದಿಲ್ಲ. ಕಲ್ಲಿನ ಅಂಚು ಹಾರಿಹೋಯಿತು. ದೊಡ್ಡಪ್ಪ ಗೋಣಿತಾಟನ್ನು ಯಂತ್ರದ ಮೇಲೆ ಎಳೆದು ಮುಚ್ಚಿದರು. ‘ಸಾಕು ಬಿಡು. ನಿನ್ನ ದೊಡ್ಡಮ್ಮನಿಗೆ ಆ ಬಿಳಿಕಲ್ಲೇ ಚೆಂದ ಕಾಣುತ್ತೆ.’

ಅಷ್ಟರಲ್ಲಿ ಪಳನಿ ಬಂದ, ಬಗಲಲ್ಲಿ ಅದೇ ಸ್ಕ್ರೂಡ್ರೈವರ್. ‘ಎನ್ನಾ ಅಣ್ಣೇ, ಫ್ಯಾಕ್ಟ್ರಿ ಲಾಕೌಟಾ?’ ಎಂದ. ಯಾರೂ ನಗಲಿಲ್ಲ. ನನಗೆ ಮೌನ ತಡೆಯಲು ಬರುವುದಿಲ್ಲ, ದನಿಯಿಲ್ಲದಾಗಲಂತೂ ಇಲ್ಲವೇ ಇಲ್ಲ. ಪಳನಿಯ ಕೈಯಿಂದ ಸ್ಕ್ರೂಡ್ರೈವರ್ ಕಸಿದು, ಗೋಣಿ ಮುಚ್ಚಿದ ಯಂತ್ರಕ್ಕೆ ಅದರ ತುದಿ ಒತ್ತಿ, ಹಿಡಿಯನ್ನು ಕಿವಿಯ ಹಿಂದೆ ಆನಿಸಿ, ಒಂದು ಕಣ್ಣು ಮುಚ್ಚಿ, ಹಾಗಲಕಾಯಿಯ ತುಟಿ ಮಾಡಿದೆ. ತಲೆಯಾಡಿಸಿ, ‘ಹಿಟ್ಟು ರುಬ್ತಿತ್ತು’ ಎಂಬಂತೆ ಬೆರಳು ಸುತ್ತಿಸಿದೆ. ‘ಡೇಯ್, ನಾನು ಹಂಗಾ ಇದೀನಿ?’ ಎಂದು ಪಳನಿ ಹೊಟ್ಟೆ ಹಿಡಿದುಕೊಂಡ.

ದೊಡ್ಡಪ್ಪ ಈ ಸಲ ನಿಧಾನವಾಗಿಯೂ ನಗಲಿಲ್ಲ. ಎದ್ದು ಬಂದು ಗೋಣಿ ಕಿತ್ತೆಸೆದರು. ನನ್ನ ಕೈಯಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು, ‘ಮೋಟಾರ್ ಹಾಕು’ ಎಂದರು. ತುದಿಯನ್ನು ಯಂತ್ರದ ಚೌಕಟ್ಟಿಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದೆ ಇಟ್ಟರು. ತೆಗೆದರು. ಪಂಚೆಯಲ್ಲಿ ಒರೆಸಿ, ಹಿಡಿಯನ್ನು ಹಲ್ಲಿನಿಂದ ಕಚ್ಚಿದರು. ಅವರ ಹುಬ್ಬು ಮೆಲ್ಲಗೆ ಮೇಲೇರಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಬಾಗಿಲು ತಟ್ಟಿದ ಸದ್ದು ಬಹುಕಾಲದ ಮೇಲೆ ಕೇಳಿದವನ ಮುಖ ಅದು. ಕಚ್ಚಿದ ಹಲ್ಲಿನ ಸಂದಿಯಿಂದಲೇ, ‘ಎಡಗಡೆ ಬೇರಿಂಗ್ ಒಣಗಿದೆ’ ಎಂದರು.

ಪಳನಿ ಸ್ಕ್ರೂಡ್ರೈವರ್ ಹಚ್ಚಿ ಕೇಳಿ, ಮುಖ ಸೊಟ್ಟ ಮಾಡಿ, ‘ಆಮಾ’ ಎಂದು ಒಪ್ಪಿದ.

ಹರಳನ್ನು ಅರಗಿನಿಂದ ಒಂದು ಗಿಡ್ಡ ಕಡ್ಡಿಯ ತುದಿಗೆ ಅಂಟಿಸಿ, ಆ ಕಡ್ಡಿ ಹಿಡಿದು ಉಜ್ಜುವುದು ವಾಡಿಕೆ. ದೊಡ್ಡಪ್ಪ ಮಾರನೆಯ ದಿನ ಉದ್ದನೆಯ ಬಿದಿರಿನ ಕಡ್ಡಿ ಕೆತ್ತಿದರು. ಒಂದು ತುದಿಗೆ ಕಲ್ಲು, ಇನ್ನೊಂದು ತುದಿ ಹಲ್ಲಿನ ನಡುವೆ, ಎರಡೂ ಕೈ ನಡುವಿನಲ್ಲಿ. ಮುಂದೆ ಚಕ್ರ, ಮೇಲೆ ಗ್ಲೂಕೋಸ್ ಬಾಟಲಿ. ಓಲಗದವನು ಆಸ್ಪತ್ರೆಯಲ್ಲಿ ನುಡಿಸುತ್ತಿದ್ದಂತೆ ಕಾಣುತ್ತಿತ್ತು. ಒಂದೆರಡು ಬಡಪಾಯಿ ಕಲ್ಲುಗಳ ಮೇಲೆ ಅಭ್ಯಾಸ ನಡೆಯಿತು. ಜೊಲ್ಲು ಸುರಿಯಿತು, ದವಡೆ ನೋಯಿತು, ಕಲ್ಲು ಮಾತ್ರ ಕೆಡಲಿಲ್ಲ. ಆಮೇಲೆ ಒಂದು ಬೆಳಿಗ್ಗೆ, ಇನ್ನೂ ಅಲ್ಲೇ ಉಳಿದಿದ್ದ ನಾನೂ ಪಳನಿಯೂ ನೋಡುತ್ತಿದ್ದಂತೆಯೇ ಆ ಕೆಂಪು ಹೋಳನ್ನು ಕಡ್ಡಿಗೆ ಏರಿಸಿದರು.

ಶೆಡ್ಡಿನೊಳಗೆ ಎಂದೂ ಬಾರದ ದೊಡ್ಡಮ್ಮ ಅವತ್ತು ಸೆರಗಿಗೆ ಕೈ ಒರೆಸುತ್ತ ಬಾಗಿಲಲ್ಲಿ ಬಂದು ನಿಂತಳು. ನೋಡಿದೆ: ಎಡಗಿವಿಯ ಬಿಳಿಕಲ್ಲನ್ನು ಆಗಲೇ ಬಿಚ್ಚಿ ಸೆರಗಿನ ತುದಿಗೆ ಗಂಟು ಹಾಕಿಬಿಟ್ಟಿದ್ದಳು. ಕಿವಿ ಖಾಲಿ. ಎಂಥ ಧೈರ್ಯದ ಹೆಂಗಸು!

ಒರಟು ಚಕ್ರ ಮುಗಿಯಿತು, ನಯದ ಚಕ್ರ ಮುಗಿಯಿತು. ಬಟ್ಟೆಚಕ್ರ ಬಂತು. ಎಲ್ಲ ಸರಿಯಿದೆ ಎಂದು ನಾನೂ ಪಳನಿಯೂ ತಲೆಯಾಡಿಸುತ್ತಿರುವಾಗಲೇ ದೊಡ್ಡಪ್ಪ ಥಟ್ಟನೆ ಕಲ್ಲನ್ನು ಮೇಲೆತ್ತಿ ಮೋಟಾರು ಆರಿಸಿದರು. ಅವರು ಬಟ್ಟೆಯ ಮೇಲೆ ಬೆರಳಾಡಿಸಿ, ಕಣ್ಣಿಗೆ ಕಾಣದ ಏನನ್ನೋ ಉಗುರಿನಿಂದ ಎತ್ತಿ, ನನ್ನ ಅಂಗೈಗೆ ಒರೆಸಿದರು. ಮರಳಿನಂಥ ಒಂದು ಕಣ. ಅಷ್ಟು ಹೊತ್ತಿಗೆ ವಾಸಿಯಾಗಿದ್ದ ಗಂಟಲು, ಎರಡು ಒಳ್ಳೆಯ ಕಿವಿ ಇಟ್ಟುಕೊಂಡು ನಾನು ಅದನ್ನು ಕೇಳಿರಲಿಲ್ಲ. ಬಟ್ಟೆ ತೊಳೆದು ಮತ್ತೆ ಶುರು. ಕೊನೆಗೆ ಅವರು ಕಡ್ಡಿಯನ್ನು ಬಾಯಿಂದ ತೆಗೆದು, ಕಲ್ಲನ್ನು ಬಾಗಿಲ ಬೆಳಕಿಗೆ ಹಿಡಿದು, ದೊಡ್ಡಮ್ಮನ ಖಾಲಿ ಕಿವಿಯ ಪಕ್ಕಕ್ಕೆ ಒಯ್ದರು.

ಎರಡೂ ತದ್ರೂಪವೆಂದರೆ ಸುಳ್ಳಾಗುತ್ತದೆ. ಬಣ್ಣ ಅದೇ. ಗಾತ್ರ ಕೂದಲೆಳೆಯಷ್ಟು ಹೆಚ್ಚು. ದೊಡ್ಡಮ್ಮ ಕನ್ನಡಿ ತರಿಸಿ ನೋಡಿ, ‘ಎಡಗಡೇದು ದಪ್ಪ ಆಯ್ತು’ ಎಂದಳು.

ದೊಡ್ಡಪ್ಪ ತುಟಿ ಓದಿ, ‘ಕಲ್ಲಲ್ಲ, ಕಿವಿ ದಪ್ಪ’ ಎಂದರು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಕಲ್ಲಿನ ಸದ್ದು ಕೇಳತೊಡಗಿದ ಮೇಲೆ ದೊಡ್ಡಪ್ಪನಿಗೆ ಮನುಷ್ಯರನ್ನು ಕೇಳುವ ಅವಸರವೇ ಉಳಿಯಲಿಲ್ಲ. ಕಿವಿ ಡಾಕ್ಟರ ಹತ್ತಿರ ಹೋಗೋಣವೆಂದರೆ ಮಳೆ ಮುಗಿಯಲಿ, ಗಣಪತಿ ಹಬ್ಬ ಮುಗಿಯಲಿ. ನಿಜವಾದ ಕಾರಣ ನಾನಾಗಿದ್ದೆ. ‘ನಾಳೆ ನೀನು ಕಿವಿಗೆ ಮಿಷನ್ ಸಿಗಿಸ್ಕೊಂಡು ಮದುವೆಮನೇಲಿ ನನ್ನ ಹಾಗೆ ಕುಣೀತೀಯ, ನಂಗೊತ್ತಿಲ್ವಾ?’

‘ಖಂಡಿತ ಕುಣೀತೀನಿ’ ಎಂದೆ. ‘ಬೈಯೋಕಾದ್ರೂ ನಿಮಗೆ ಕೇಳಿಸ್ಬೇಕಲ್ಲ ದೊಡ್ಡಪ್ಪ!’

ಅದಕ್ಕೂ ಬಗ್ಗಲಿಲ್ಲ. ಬಗ್ಗಿಸಿದವಳು ದೊಡ್ಡಮ್ಮ. ಹೋದ ತಿಂಗಳು ಒಂದು ದಿನ ಊಟಕ್ಕೆ ಬಡಿಸಿ, ಎದುರಿಗೇ ಕೂತು, ತುಟಿ ಕಾಣುವಂತೆ ಬಿಡಿಸಿ ಬಿಡಿಸಿ ಹೇಳಿದಳಂತೆ: ‘ಕಲ್ಲಿಗೆ ಹಲ್ಲು ಕೊಟ್ರಿ. ನಂಗೆ ಕಿವಿ ಕೊಡಿ.’

ಶಿವಮೊಗ್ಗದ ಕಿವಿ ಡಾಕ್ಟರಲ್ಲಿಗೆ ನಾನೇ ಕರೆದೊಯ್ದೆ. ಕಾರ್ಖಾನೆಯ ಸದ್ದಿನಿಂದಲೇ ಹೀಗಾಗಿರಬೇಕೆಂದು ನಾವೆಲ್ಲ ಅಂದುಕೊಂಡಿದ್ದೆವು. ಅಲ್ಲವಂತೆ. ಕಿವಿಯೊಳಗಿನ ಪುಟ್ಟ ಮೂಳೆಗಳು ಬಿಗಿದುಕೊಂಡಿವೆ. ಕೆಲವು ಮನೆತನಗಳಲ್ಲಿ ಬರುವುದುಂಟು. ಅವುಗಳ ಹಿಂದಿನ ನರ ಚೆನ್ನಾಗಿದೆ, ತಲೆಯ ಮೂಳೆಯ ಮೂಲಕ ಬಂದ ಸದ್ದು ಅದನ್ನು ಮುಟ್ಟುತ್ತದೆ. ಅದನ್ನು ಪರೀಕ್ಷಿಸಲು ಡಾಕ್ಟರು ಉಕ್ಕಿನ ಕವೆಯೊಂದನ್ನು ತಟ್ಟಿ ಗುಂಯ್ ಎನ್ನಿಸಿ, ಅದರ ಬುಡವನ್ನು ದೊಡ್ಡಪ್ಪನ ಕಿವಿಯ ಹಿಂದಿನ ಮೂಳೆಗೆ ಆನಿಸಿದರು. ದೊಡ್ಡಪ್ಪ ಅರಳಿದ ಕಣ್ಣಿಂದ ನನ್ನ ಕಡೆ ತಿರುಗಿ, ಇಡೀ ಆಸ್ಪತ್ರೆಗೆ ಕೇಳುವಂತೆ, ‘ಏ, ಇವರೂ ಪಳನಿ ವಿದ್ಯೆಯೋರೇ ಕಣೋ!’ ಎಂದರು. ಆಮೇಲೆ ಡಾಕ್ಟರು ಹೇಳಿದ್ದಕ್ಕೆಲ್ಲ ಹೂಂ ಎಂದರು. ಕಿವಿಗೆ ಯಂತ್ರ ಬರಲು ಒಂದಷ್ಟು ದಿನ ಬೇಕೆಂದರು; ಕಾಯುವ ವಿದ್ಯೆಯನ್ನು ಮಡಕೆ ಆಗಲೇ ಕಲಿಸಿತ್ತು.

ಇಷ್ಟು ನೆನಪಾಗುವಷ್ಟರಲ್ಲಿ ನನ್ನ ಹಲ್ಲಿನ ಗುಳಿ ತುಂಬಿ, ಡಾಕ್ಟರು ಹೊಳಪು ಕೊಡುತ್ತಿದ್ದರು. ದವಡೆಯೊಳಗಿನ ಸದ್ದು ತೆಳ್ಳಗಾಗುತ್ತ ಬಂತು. ಇನ್ನೂ ತೆಳ್ಳಗೆ. ರೇಷ್ಮೆ ಜಾರಿತು. ನಾನು ಎಡಗೈ ಎತ್ತಿದೆ.

‘ನೋವಾಯ್ತಾ?’ ಎಂದರು ಡಾಕ್ಟರು ಗಾಬರಿಯಿಂದ. ಇಲ್ಲವೆಂದು ತಲೆಯಾಡಿಸಿ, ಮುಗಿಯಿತು ಎಂದು ಕೈಸನ್ನೆ ಮಾಡಿದೆ. ಅವರು ಕನ್ನಡಿ ಹಿಡಿದು ಹಣಕಿ ನೋಡಿ, ‘ಹೌದಲ್ರೀ, ಸಾಕು’ ಎಂದು ಯಂತ್ರ ಆರಿಸಿದರು.

ಅರ್ಧ ಮುಖ ಮರಗಟ್ಟಿಸಿಕೊಂಡು ಮೆಟ್ಟಿಲಿಳಿಯುತ್ತಿದ್ದಾಗ ಫೋನು ಬಡಿದುಕೊಂಡಿತು. ದೊಡ್ಡಮ್ಮನ ನಂಬರು. ಎತ್ತಿದರೆ ದೊಡ್ಡಪ್ಪನ ದನಿ. ಅವರು ಫೋನಿನಲ್ಲಿ ಮಾತಾಡಿ ಎಷ್ಟು ಕಾಲವಾಗಿತ್ತೋ!

‘ಮಿಷನ್ ಬಂತು ಕಣೋ. ಕಿವೀಲಿದೆ. ಮೊದಲ ಫೋನು ನಿಂಗೇ.’

‘ಹೌಗಾ ಗೊಡ್ಡಪ್ಪ? ಹೇಗಿಗೆ?’ ಎಂದೆ. ತುಟಿ ನನ್ನ ಮಾತು ಕೇಳುತ್ತಿರಲಿಲ್ಲ.

ಆಚೆ ಕಡೆಯಿಂದ, ‘ಯಾಕೋ, ನಿನ್ನ ದನಿಗೆ ಏನಾಯ್ತೋ?’

ನಾನು ಮೆಟ್ಟಿಲಿನ ಮೇಲೆಯೇ ಕೂತುಬಿಟ್ಟೆ. ಹಲ್ಲಿನ ಸಮಾಚಾರವನ್ನು ಹೇಗೋ ಉರುಳಿಸಿ ಹೇಳಿದೆ. ಕೇಳಿಸಿಕೊಂಡವರು, ‘ಹೌಗಾ ಗೊಡ್ಡಪ್ಪ, ಹೇಗಿಗೆ’ ಎಂದು ನನ್ನನ್ನೇ ಅಣಕಿಸಿದರು! ಎಳೆತ ಸರಿಯಿತ್ತು, ಕೊನೆಯ ಏರಿಳಿತವೂ ಸರಿಯಿತ್ತು. ಹಿಂದೆ ದೊಡ್ಡಮ್ಮನೂ ಪಳನಿಯೂ ಒಟ್ಟಿಗೆ ನಕ್ಕದ್ದು ಕೇಳಿಸಿತು. ಊರನ್ನೆಲ್ಲ ಅಣಕಿಸಿದವನಿಗೆ ಅವತ್ತು ಗುರು ಸಿಕ್ಕಿದ.

ಆಗಲೇ ಬೀದಿಯ ತಿರುವಿನಲ್ಲಿ ಒಂದು ಆಟೋ ತೆವಳುತ್ತ ಬಂತು. ನೆತ್ತಿಯಿಂದ ‘ಅಕ್ಕಂದಿರೇ, ಅಮ್ಮಂದಿರೇ...’ ಶುರುವಾಯಿತು, ಹೆಂಡತಿ ಕೇಳಿದಳು, ಗಂಡ ಬೇಡವೆಂದ, ಅತ್ತೆ ಬಾಯಿ ಹಾಕಿದಳು, ಕೂಸು ಅತ್ತಿತು. ದೊಡ್ಡಪ್ಪ ‘ಚೆನ್ನಾಗಿದೆ, ಚೆನ್ನಾಗಿದೆ’ ಎಂದು ಎಷ್ಟೋ ಸಲ ಮೆಚ್ಚಿದ್ದ ಅದೇ ಜಾಹೀರಾತು.

‘ಏ, ಅದ್ಯಾರೋ ನಿನ್ನ ಹಿಂದೆ,’ ಎಂದರು ಅವರು, ‘ಕತ್ತೆ ಹಾಗೆ ಅರಚ್ತಿರೋದು?’

‘ನಾನೇ’ ಎಂದೆ. ಅಷ್ಟು ಖುಷಿಯಿಂದ ನಾನು ಯಾವತ್ತೂ ಕತ್ತೆ ಎನ್ನಿಸಿಕೊಂಡಿರಲಿಲ್ಲ.